ಒಂದು ಲೋಟಕ್ಕೆ ಒಂದು ಲಕ್ಷ

ಮೀನುಮರಿ ಮಾರುವ ಕೇಂದ್ರಗಳಲ್ಲಿ ಮರಿಗಳನ್ನು ಯಾರೂ ಎಣಿಸುವುದಿಲ್ಲ, ಅಳೆಯುತ್ತಾರೆ. ಮೊಟ್ಟೆಯೊಡೆದು ಮೂರು ದಿನವಾದ ಗೆಂಡೆ ಮರಿಗಳನ್ನು ತೆಳುಬಟ್ಟೆಯಲ್ಲಿ ಎತ್ತಿ, ನೀರು ಬಸಿಯಲು ಬಿಟ್ಟು, ಹಾಲು ಅಳೆದಂತೆ ಅಳತೆ ಪಾತ್ರೆಯಲ್ಲಿ ಅಳೆದು ಹಾಕುವುದು ರೂಢಿ. ಒಂದು ಮಿಲಿಲೀಟರಿಗೆ ಸುಮಾರು 500 ಮರಿ. ಹಾಗಾದರೆ ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟುಕೊಳ್ಳುವ 200 ಮಿಲಿಲೀಟರ್ ಲೋಟಕ್ಕೆ ಎಷ್ಟು? ಒಂದು ಲಕ್ಷ. 2011ರ ಜನಗಣತಿಯಲ್ಲಿ ಚಿಕ್ಕಮಗಳೂರು ನಗರದ ಜನಸಂಖ್ಯೆ 1.18 ಲಕ್ಷ. ಒಂದು ಜಿಲ್ಲಾ ಕೇಂದ್ರದ ಜನರೆಲ್ಲ ಹೆಚ್ಚುಕಡಿಮೆ ಒಂದು ಲೋಟದೊಳಗೆ, ಅದೂ ಜೀವಂತವಾಗಿ, ಬಾಲ ಅಲ್ಲಾಡಿಸುತ್ತ.

ಹತ್ತಿರ ಹೋಗಿ ನೋಡಿದರೂ ಅದು ಮೀನೆಂದು ಅನ್ನಿಸುವುದಿಲ್ಲ. ಗಂಜಿಯೊಂದು ತಾನಾಗಿಯೇ ಮಿಸುಕಾಡುತ್ತಿದೆ ಅನ್ನಿಸುತ್ತದೆ. ಐದಾರು ಮಿಲಿಮೀಟರ್ ಉದ್ದದ ದಾರದ ತುಂಡು, ಅದರ ಒಂದು ತುದಿಯಲ್ಲಿ ಎರಡು ಕಪ್ಪು ಚುಕ್ಕೆ. ಆ ಚುಕ್ಕೆಗಳೇ ಕಣ್ಣು. ಬರಿಗಣ್ಣಿಗೆ ಮೊದಲು ಸಿಗುವುದೂ ಅದೇ. ಮೀನಿನ ಕಣ್ಣಿನ ವಿಷಯ ಆಮೇಲೆ ಮತ್ತೆ ಬರುತ್ತದೆ, ನೆನಪಿರಲಿ.

ಈ ಲೋಟ ತುಂಬಿಸುವ ತಾಯಿಯನ್ನು ನೋಡೋಣ. ನಾಲ್ಕು ಕಿಲೋ ತೂಗುವ ಒಂದು ಹೆಣ್ಣು ರೋಹು ಎಂದಿಟ್ಟುಕೊಳ್ಳಿ. ಮೈತೂಕದ ಕಿಲೋ ಒಂದಕ್ಕೆ ಎರಡು ಲಕ್ಷ ಮೊಟ್ಟೆ ಎಂದು ಹಿಡಿದರೂ ಹೊಟ್ಟೆಯಲ್ಲಿ ಎಂಟು ಲಕ್ಷ. ಎಲ್ಲವೂ ಬದುಕುವುದಿಲ್ಲ, ಮೀನು ಸಾಕುವವರು ಸಾವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮೊಟ್ಟೆ ಫಲಿತು ಒಡೆಯುವಷ್ಟರಲ್ಲಿ ಎಂಟು ಲಕ್ಷ ಹೋಗಿ ಐದು ಲಕ್ಷವಾಗುತ್ತದೆ. ಅಂದರೆ ನಮ್ಮ ಐದು ಲೋಟ. ಮೊದಲ ಎರಡು ಮೂರು ವಾರ ನರ್ಸರಿ ಕೊಳದಲ್ಲಿ ಕಳೆಯುವಾಗ ನೂರಕ್ಕೆ ಅರವತ್ತು ಸಾಯುತ್ತವೆ. ನೀರಿನ ಹುಳಗಳಿಗೆ ಒಂದಷ್ಟು, ಕಪ್ಪೆಗೆ ಒಂದಷ್ಟು, ಹಸಿವಿಗೆ ಇನ್ನಷ್ಟು. ಉಳಿದದ್ದು ಎರಡು ಲಕ್ಷ. ಬೆರಳುದ್ದದ ಬಿತ್ತನೆ ಮರಿಯಾಗುವ ಹೊತ್ತಿಗೆ 1.2 ಲಕ್ಷ. ಹೆಕ್ಟೇರಿಗೆ 7,500ರಂತೆ ಬಿಟ್ಟರೆ ಇವುಗಳಿಗೆ 16 ಹೆಕ್ಟೇರ್ ನೀರು ಬೇಕು. ನಮ್ಮ ಕಡೆಯ ಲೆಕ್ಕದಲ್ಲಿ ನಲವತ್ತು ಎಕರೆಯ ಒಂದು ಕೆರೆ. ಅಲ್ಲೂ ಐದರಲ್ಲಿ ಒಂದು ಸತ್ತಿತು ಅನ್ನಿ. ತೌಡು, ಹಿಂಡಿ ಹಾಕಿ ನೋಡಿಕೊಂಡರೆ ವರ್ಷ ತುಂಬಿದಾಗ ಬಲೆಗೆ ಬರುವುದು 96,000 ಮೀನು, ಒಂದೊಂದೂ ಸುಮಾರು 800 ಗ್ರಾಂ. ಒಟ್ಟು 76,800 ಕಿಲೋ.

ನಾಲ್ಕು ಕಿಲೋ ತಾಯಿ, ಒಂದು ಮಳೆಗಾಲದ ಮೊಟ್ಟೆ, 77 ಟನ್ ಫಸಲು.

ಗಂಡಿನ ಪಾಲನ್ನು ನಾನು ಮರೆತಿಲ್ಲ, ಆದರೆ ಈ ಲೆಕ್ಕದಲ್ಲಿ ಅವನು ಹೆಚ್ಚು ಜಾಗ ಕೇಳುವುದಿಲ್ಲ. ಹೊಳೆಯಲ್ಲಾದರೆ ಇದೇ ತಾಯಿ ಜೀವಮಾನವಿಡೀ ಇಟ್ಟ ಲಕ್ಷ ಲಕ್ಷ ಮೊಟ್ಟೆಗಳಲ್ಲಿ ಸರಾಸರಿ ಎರಡೇ ಎರಡು ಮರಿ ಬೆಳೆದು ತಾಯ್ತಂದೆಯರ ಜಾಗ ತುಂಬಿದರೆ ಸಾಕು, ವಂಶ ನಿಂತ ಹಾಗೆ. ಮೀನು ಸಾಕಣೆ ಅನ್ನುವುದು ಆ ಎರಡನ್ನು 96,000 ಮಾಡುವ ಕಸುಬು.

ತಮಾಷೆಯೆಂದರೆ, ಇಷ್ಟೆಲ್ಲ ಮೊಟ್ಟೆ ಹೊತ್ತ ತಾಯಿ ಕೊಳದಲ್ಲಿ ಒಂದು ಮೊಟ್ಟೆಯನ್ನೂ ಇಡುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್ ಎಂಬ ಈ ಮೂರೂ ಗೆಂಡೆಗಳು ಉತ್ತರದ ದೊಡ್ಡ ಹೊಳೆಗಳ ಮಕ್ಕಳು. ಮುಂಗಾರಿನ ಕೆನ್ನೀರು ದಡ ಮೀರಿ ಬಯಲಿಗೆ ಹರಡಿದಾಗಷ್ಟೇ ಅವುಗಳ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಮಿದುಳಿನ ಬುಡಕ್ಕೆ ಅಂಟಿಕೊಂಡ ಪಿಟ್ಯುಟರಿ ಗ್ರಂಥಿ ಆಗ ರಕ್ತಕ್ಕೆ ಹಾರ್ಮೋನು ಬಿಡುತ್ತದೆ, ಅಂಡಾಶಯ ಬಾಗಿಲು ತೆರೆಯುತ್ತದೆ. ನಿಂತ ನೀರಿನಲ್ಲಿ ಈ ಸುದ್ದಿ ಬರುವುದೇ ಇಲ್ಲ. ಹೊಟ್ಟೆ ತುಂಬಿಕೊಂಡು ಓಡಾಡುವ ಹೆಣ್ಣಿನ ಮೊಟ್ಟೆಗಳು ಕಾಲ ಮೀರಿದ ಮೇಲೆ ಅವಳ ಮೈಗೇ ಇಂಗಿಹೋಗುತ್ತವೆ.

ಹಾಗಾಗಿ 1950ರ ದಶಕದವರೆಗೆ ದೇಶದಲ್ಲಿ ಈ ಗೆಂಡೆಗಳನ್ನು ಸಾಕಬೇಕೆಂದವರಲ್ಲಿ ಹೆಚ್ಚಿನವರು ಗಂಗೆಯಂಥ ಹೊಳೆಗಳ ಕಡೆ ಮುಖ ಮಾಡಬೇಕಿತ್ತು. ಪ್ರವಾಹದ ದಿನಗಳಲ್ಲಿ ಹೊಳೆಯ ಅಂಚಿಗೆ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆಗಳನ್ನು ಕಟ್ಟಿ ಮರಿ ಹಿಡಿಯುತ್ತಿದ್ದರು. ಮಣ್ಣಿನ ಗಡಿಗೆಯಲ್ಲಿ ತುಂಬಿ, ದಾರಿಯುದ್ದಕ್ಕೂ ನೀರು ಕದಡುತ್ತ, ಕಲ್ಕತ್ತೆಯಿಂದ ರೈಲು ಹತ್ತಿಸುತ್ತಿದ್ದರು. ಗಡಿಗೆಯಲ್ಲಿ ರೋಹು ಇದೆಯೋ ರೋಹುವನ್ನು ನುಂಗುವ ಬಾಳೆಮೀನಿನ ಮರಿ ಇದೆಯೋ ದೊಡ್ಡದಾಗುವವರೆಗೆ ತಿಳಿಯುತ್ತಿರಲಿಲ್ಲ. ಬಿತ್ತಿದ್ದು ರಾಗಿ, ಬೆಳೆದದ್ದು ಏನೋ ಎಂಬಂಥ ಬೇಸಾಯ.

ಬೀಗ ತೆರೆದವರು ಹೀರಾಲಾಲ್ ಚೌಧುರಿ. ಈಗ ಬಾಂಗ್ಲಾದೇಶಕ್ಕೆ ಸೇರಿದ ಸಿಲ್ಹೆಟ್ ಸೀಮೆಯಲ್ಲಿ 1921ರಲ್ಲಿ ಹುಟ್ಟಿದವರು. ಮೀನಿನ ಪಿಟ್ಯುಟರಿಯನ್ನು ಇನ್ನೊಂದು ಮೀನಿಗೆ ಚುಚ್ಚುವ ಯೋಚನೆ ಹೊಸದಲ್ಲ. 1930ರ ದಶಕದಲ್ಲೇ ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಪ್ರಯತ್ನಗಳಾಗಿದ್ದವು. ಆದರೆ ನಮ್ಮ ಗೆಂಡೆಗಳು ಬಗ್ಗಿರಲಿಲ್ಲ. ಚೌಧುರಿ ಮೊದಲು ಕಿರುಬೆರಳಷ್ಟು ಪುಟ್ಟ ಮೀನುಗಳ ಮೇಲೆ ಕೈ ಪಳಗಿಸಿಕೊಂಡರು. ಕೊನೆಗೆ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ, ಕೆ.ಎಚ್. ಅಲಿಕುಂಞಿ ಅವರ ಜೊತೆಗೂಡಿ ನಡೆಸಿದ ಪ್ರಯೋಗದಲ್ಲಿ, ಗೆಂಡೆಗಳು ನಿಂತ ನೀರಿನಲ್ಲೇ ಮೊಟ್ಟೆಯಿಟ್ಟವು. ಜುಲೈ 10 ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ. 2014ರಲ್ಲಿ ಚೌಧುರಿ ತೀರಿಕೊಂಡಾಗ ಎಷ್ಟು ಪತ್ರಿಕೆಗಳ ಮುಖಪುಟಕ್ಕೆ ಆ ಸುದ್ದಿ ಬಂದಿರಬಹುದು ಎಂದು ನಾನು ಕೇಳಲು ಹೋಗುವುದಿಲ್ಲ. ಹಸಿರು ಕ್ರಾಂತಿಗೆ ಸಿಕ್ಕ ಹೆಸರು ನೀರೊಳಗಿನ ಕ್ರಾಂತಿಗೆ ಸಿಗಲಿಲ್ಲ, ಅಷ್ಟೆ.

ಈಗ ಅಳತೆ ನೋಡಿ. ಆ ಹಳೆಯ ವಿಧಾನದಲ್ಲಿ ಹೆಣ್ಣುಮೀನಿಗೆ ಎರಡು ಸಲ ಸೂಜಿ. ಸಂಜೆ ಮೈತೂಕದ ಕಿಲೋ ಒಂದಕ್ಕೆ ಎರಡು ಮಿಲಿಗ್ರಾಂ ಪಿಟ್ಯುಟರಿ, ಆರು ಗಂಟೆ ಬಿಟ್ಟು ಮತ್ತೆ ಆರು ಮಿಲಿಗ್ರಾಂ. ನಮ್ಮ ನಾಲ್ಕು ಕಿಲೋ ರೋಹುವಿಗೆ ಎರಡೂ ಸೇರಿ 32 ಮಿಲಿಗ್ರಾಂ. ಒಂದು ಅಕ್ಕಿಕಾಳು ಇಪ್ಪತ್ತು ಇಪ್ಪತ್ತೈದು ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದೂವರೆ ಅಕ್ಕಿಕಾಳಿನ ತೂಕದ ಗ್ರಂಥಿಗೆ 77 ಟನ್ ಮೀನು. ಭಾಗಿಸಿದರೆ 240 ಕೋಟಿ ಪಟ್ಟು. ಇದು ಸ್ವಲ್ಪ ಅನ್ಯಾಯದ ಹೋಲಿಕೆ ಎಂದು ಬಲ್ಲೆ. ಮನೆಯ ತೂಕವನ್ನು ಬೀಗದ ಕೈಯ ತೂಕದಿಂದ ಭಾಗಿಸಿದ ಹಾಗೆ. ಆದರೂ ಬೀಗದ ಕೈ ಇಲ್ಲದಿದ್ದಾಗ ಮನೆ ಎಷ್ಟು ದೊಡ್ಡದಿದ್ದರೇನು?

ಆ ಗ್ರಂಥಿ ಎಲ್ಲಿಂದ ಬರುತ್ತಿತ್ತು ಗೊತ್ತೆ? ಸಂತೆಯಿಂದ. ಮೀನಂಗಡಿಯಲ್ಲಿ ಕತ್ತರಿಸಿಟ್ಟ ತಲೆಗಳಿಂದ. ತಲೆಬುರುಡೆಯ ಮೇಲ್ಭಾಗ ಸೀಳಿ, ಮಿದುಳನ್ನು ಪಕ್ಕಕ್ಕೆ ಸರಿಸಿ, ಬುಡದಲ್ಲಿರುವ ಬಿಳಿಯ ಕಾಳನ್ನು ಚಿಮಟದಿಂದ ಎತ್ತಿ ಆಲ್ಕೋಹಾಲಿನ ಸೀಸೆಗೆ ಹಾಕುತ್ತಿದ್ದರು. ನಮ್ಮಲ್ಲಿ ಎಷ್ಟೋ ಗಿರಾಕಿಗಳು ಬೇಡವೆಂದು ಅಂಗಡಿಯಲ್ಲೇ ಬಿಟ್ಟುಬರುವ ತಲೆ. ಈಗ ಸಿದ್ಧ ಹಾರ್ಮೋನು ಸೀಸೆಯಲ್ಲಿ ಸಿಗುತ್ತದೆ, ಒಂದೇ ಸೂಜಿ, ಕಿಲೋಗೆ ಅರ್ಧ ಮಿಲಿಲೀಟರೂ ಬೇಡ. ಸುತ್ತ ನೀರು ತಿರುಗುವ ದುಂಡನೆಯ ಸಿಮೆಂಟ್ ತೊಟ್ಟಿಗಳು ಬಂದು ಪ್ರವಾಹದ ನಟನೆಯನ್ನು ಮಾಡುತ್ತವೆ. ಸಾಬಕ್ಕಿಯಂತೆ ಉಬ್ಬಿದ ಮೊಟ್ಟೆಗಳು ಅದರಲ್ಲಿ ಸುತ್ತುತ್ತ ಸುತ್ತುತ್ತ ಹದಿನಾಲ್ಕು, ಹದಿನೆಂಟು ಗಂಟೆಗಳಲ್ಲಿ ಒಡೆಯುತ್ತವೆ. 2010ರ ದಶಕದಲ್ಲೇ ದೇಶದ ವಾರ್ಷಿಕ ಮೀನುಮರಿ ಉತ್ಪಾದನೆ 3,000 ಕೋಟಿ ದಾಟಿತ್ತು. ಭೂಮಿಯ ಮೇಲಿನ ಒಬ್ಬೊಬ್ಬ ಮನುಷ್ಯನಿಗೆ ಮೂರು ಮರಿ ಹಂಚಿದರೂ ಮಿಗುತ್ತದೆ.

ಮೀನಿಗೆ ಮೇವು ಹಾಕಿ ಸಲಹುವ ಆಸೆ ಕನ್ನಡ ನಾಡಿನಲ್ಲಿ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನು, ಯಾವುದಕ್ಕೆ ಯಾವ ಮೇವಿನ ಉಂಡೆ, ಯಾವ ಗಾಳ ಎಂಬ ವಿವರ. ದೊರೆಗೆ ಅದು ವಿನೋದ. ಗಾಳ ಹಾಕುವ ಮೊದಲು ಮೀನನ್ನು ಕೊಬ್ಬಿಸುವ ವಿನೋದ. ಹಸಿದವರ ತಟ್ಟೆಯ ಲೆಕ್ಕ ಅದರಲ್ಲಿ ಇರಬೇಕೆಂದು ಬಯಸುವುದು ನಮ್ಮ ಕಾಲದ ದುರಾಸೆ.

ಆ ಲೆಕ್ಕ ಶುರುವಾದದ್ದು ಸ್ವಾತಂತ್ರ್ಯದ ನಂತರ. 1950-51ರಲ್ಲಿ ಭಾರತದ ಒಳನಾಡು ಮೀನಿನ ಉತ್ಪಾದನೆ 2.18 ಲಕ್ಷ ಟನ್, ಕಡಲಿನದ್ದು 5.34 ಲಕ್ಷ ಟನ್. 2022-23ರಲ್ಲಿ ಕಡಲಿನದ್ದು 44.32 ಲಕ್ಷ ಟನ್, ಒಳನಾಡಿನದ್ದು 131.13 ಲಕ್ಷ ಟನ್. ಕಡಲು ಎಂಟು ಪಟ್ಟು ಬೆಳೆದರೆ ಕೆರೆಕುಂಟೆಗಳು ಅರವತ್ತು ಪಟ್ಟು ಬೆಳೆದವು. ಅದೇ ಅವಧಿಯಲ್ಲಿ ಜನಸಂಖ್ಯೆ ಬೆಳೆದದ್ದು ನಾಲ್ಕು ಪಟ್ಟು. ಆಗ ಒಳನಾಡಿನ ಮೀನನ್ನು ತಲೆಗೆ ಸಮನಾಗಿ ಹಂಚಿದ್ದರೆ ವರ್ಷಕ್ಕೆ 600 ಗ್ರಾಂ ಬರುತ್ತಿತ್ತು. ಈಗ ಒಂಬತ್ತು ಕಿಲೋ ದಾಟುತ್ತದೆ. ಹೊಳೆ, ಜಲಾಶಯಗಳಲ್ಲಿ ಹಿಡಿದದ್ದೂ ಇದರಲ್ಲಿ ಸೇರಿದೆ ನಿಜ, ಆದರೆ ದೊಡ್ಡ ಪಾಲು ಸಾಕಿದ್ದೇ.

131 ಲಕ್ಷ ಟನ್ ಅಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ದಿನಕ್ಕೆ ಇಳಿಸಿ: ಸುಮಾರು 36,000 ಟನ್. ಹತ್ತು ಟನ್ ಹೊರುವ ಲಾರಿಗೆ ತುಂಬಿದರೆ 3,600 ಲಾರಿ. ಒಂದೊಂದಕ್ಕೆ ಹತ್ತು ಮೀಟರ್ ಜಾಗ ಕೊಟ್ಟು ಸಾಲಾಗಿ ನಿಲ್ಲಿಸಿದರೆ 36 ಕಿಲೋಮೀಟರ್. ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಮೊದಲ ಲಾರಿ ನಿಂತರೆ ಕೊನೆಯದು ಬಿಡದಿಯ ಹತ್ತಿರ. ಇದು ಒಂದು ದಿನದ ಸಾಲು. ನಾಳೆ ಬೆಳಿಗ್ಗೆ ಇನ್ನೊಂದು. ಇವುಗಳಲ್ಲಿ ಅತಿ ಹೆಚ್ಚು ಲಾರಿಗಳು ಹೊರಡುವುದು ಆಂಧ್ರದಿಂದ. ಕೊಲ್ಲೇರು ಸುತ್ತಮುತ್ತಲಿನ ಕೊಳಗಳ ರೋಹು, ಕಾಟ್ಲಾಗಳು ಮಂಜುಗಡ್ಡೆಯಲ್ಲಿ ಮಲಗಿ ಹೌರಾಕ್ಕೂ ಅಸ್ಸಾಮಿಗೂ ಹೋಗುತ್ತವೆ. ಗಂಗೆಯ ಮರಿ ದಕ್ಷಿಣಕ್ಕೆ ರೈಲಿನಲ್ಲಿ ಬರುತ್ತಿದ್ದ ಕಾಲ ಹೋಗಿ, ಗೋದಾವರಿ ಸೀಮೆಯ ಮೀನು ಬಂಗಾಳಿಯ ತಟ್ಟೆಗೆ ಲಾರಿಯಲ್ಲಿ ಹೋಗುವ ಕಾಲ ಬಂತು.

ಲೋಕದ ಅಂಕಿ ಇನ್ನೂ ವಿಚಿತ್ರ. 2022ರಲ್ಲಿ ಮನುಷ್ಯ ಸಾಕಿದ ಮೀನು, ಸೀಗಡಿ, ಚಿಪ್ಪುಜೀವಿಗಳ ತೂಕ 944 ಲಕ್ಷ ಟನ್. ಹಿಡಿದದ್ದು 910 ಲಕ್ಷ ಟನ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ ಸಾಕಿದ್ದು ಹಿಡಿದದ್ದನ್ನು ಮೀರಿದ್ದು ಅದೇ ಮೊದಲು. ಕಾಡಿನ ಬೇಟೆಯಿಂದ ಕೊಟ್ಟಿಗೆಗೆ ಬರಲು ನೆಲದ ಮೇಲೆ ಮನುಷ್ಯ ತೆಗೆದುಕೊಂಡದ್ದು ಸಾವಿರಾರು ವರ್ಷ. ನೀರಿನಲ್ಲಿ ಅದು ನಮ್ಮ ಕಣ್ಣೆದುರೇ ಆಯಿತು. 944 ಲಕ್ಷ ಟನ್ನನ್ನು ವರ್ಷದ ಸೆಕೆಂಡುಗಳಿಂದ ಭಾಗಿಸಿ ನೋಡಿ. ಸೆಕೆಂಡಿಗೆ ಮೂರು ಟನ್. ಒಂದು ಸೀನು ಸೀನಿ ಮೂಗು ಒರೆಸಿಕೊಳ್ಳುವಷ್ಟರಲ್ಲಿ ಒಂದು ಲಾರಿ ತುಂಬುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಏಷ್ಯಾದ್ದು, ಅರ್ಧಕ್ಕಿಂತ ಹೆಚ್ಚು ಚೀನಾ ಒಂದರದ್ದೇ. ನಾರ್ವೆಯ ಕಡಲಲ್ಲಿ ಒಂದೊಂದು ಬಲೆಪಂಜರಕ್ಕೆ ಎರಡು ಲಕ್ಷ ಸಾಲ್ಮನ್ ಮಿತಿ. ಅದು ಚಂದದ ಚಿತ್ರ, ಆದರೆ ಆ ಮೀನು ಯಾರ ತಟ್ಟೆಗೆ ಹೋಗುತ್ತದೆ ಎನ್ನುವುದೂ ಗೊತ್ತಿರುವುದೇ. ನನಗೆ ತೌಡು ತಿಂದು ಬೆಳೆಯುವ ಗೆಂಡೆಯೇ ಇಷ್ಟ.

ಯಾಕೆಂದರೆ ಮೀನು ಬಹಳ ಮಿತವ್ಯಯಿ. ನೆಲದ ಪ್ರಾಣಿಗೆ ನಿಲ್ಲುವುದೇ ಒಂದು ಖರ್ಚು. ಮೂಳೆ ಕಟ್ಟಬೇಕು, ತೂಕ ಹೊರಬೇಕು, ಮೈ ಬೆಚ್ಚಗಿಡಬೇಕು. ಮೀನನ್ನು ನೀರೇ ಎತ್ತಿ ಹಿಡಿದಿರುತ್ತದೆ. ಅದರದ್ದು ತಣ್ಣನೆ ರಕ್ತ, ನೀರಿನ ಬಿಸಿಯೇ ಅದರ ಬಿಸಿ. ಕಸವನ್ನು ಅಮೋನಿಯಾ ರೂಪದಲ್ಲೇ ಕಿವಿರಿನಿಂದ ಹೊರಹಾಕಿಬಿಡುತ್ತದೆ, ಅದನ್ನು ಯೂರಿಯಾ ಮಾಡುವ ಶ್ರಮವೂ ಇಲ್ಲ. ಹೀಗೆ ಉಳಿದದ್ದೆಲ್ಲ ಮಾಂಸಕ್ಕೆ. ಕಿಲೋ ಮೀನಿಗೆ ಒಂದೂವರೆ ಕಿಲೋದಷ್ಟು ಮೇವು ಸಾಕಾದರೆ ದನಕ್ಕೆ ಆರು ಕಿಲೋ ಮೀರಬೇಕು. ಮೇಲಾಗಿ ಕೊಳಕ್ಕೆ ಮಹಡಿಗಳಿವೆ: ಮೇಲೆ ಕಾಟ್ಲಾ, ನಡುವೆ ರೋಹು, ತಳದಲ್ಲಿ ಮೃಗಾಲ್. ಒಂದೇ ನಿವೇಶನದಲ್ಲಿ ಮೂರು ಸಂಸಾರ, ಮೂರು ಒಲೆ, ಜಗಳವಿಲ್ಲ.

ಇಷ್ಟು ಹೇಳಿದ ಮೇಲೆ ದೇಶ ಪುಷ್ಟಿಯಾಗಿರಬೇಕಲ್ಲವೇ?

2021ರ ಲೆಕ್ಕದಲ್ಲಿ ಭಾರತೀಯನೊಬ್ಬ ವರ್ಷಕ್ಕೆ ತಿಂದ ಮೀನು ಸರಾಸರಿ 8.89 ಕಿಲೋ. 2005ರಲ್ಲಿ ಇದ್ದದ್ದು 4.9 ಕಿಲೋ. ಏರಿಕೆ ದೊಡ್ಡದೇ. ಆದರೆ ದಿನಕ್ಕೆ ಇಳಿಸಿದರೆ 24 ಗ್ರಾಂ, ಮುಳ್ಳು ತಲೆ ಎಲ್ಲ ಸೇರಿ. ಜನರಲ್ಲಿ ಮೀನು ತಿನ್ನುವವರು ನೂರಕ್ಕೆ 72. ದಿನಾ ತಿನ್ನುವವರು ನೂರಕ್ಕೆ ಆರು ಮಾತ್ರ. ಇನ್ನೊಂದು ಕಡೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇದ್ದವರು ನೂರಕ್ಕೆ 67. ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು 35. ಕರ್ನಾಟಕದ ಅಂಕಿಗಳೂ ಇದಕ್ಕೆ ಹತ್ತಿರ ಹತ್ತಿರ. ಲಾರಿಗಳ ಸಾಲು ಬಿಡದಿ ದಾಟಿದರೂ ಈ ಮಕ್ಕಳ ಮನೆ ಬಾಗಿಲಲ್ಲಿ ನಿಲ್ಲುತ್ತಿಲ್ಲ ಎಂದಾಯಿತು. ಟನ್ನಿನಲ್ಲಿ ಅಳೆದದ್ದು ಟನ್ನಾಗಿಯೇ ಉಳಿಯಿತು. ಮಗುವಿಗೆ ಬೇಕಾದದ್ದರ ಅಳತೆ ಬೇರೆ, ಅದು ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು.

ಆ ಅಳತೆಗೋಲು ಹಿಡಿದು ಕೊಳಗಳಿಗೆ ಇಳಿದವರು ಶಕುಂತಲಾ ಹರಕ್‌ಸಿಂಗ್ ಥಿಲ್‌ಸ್ಟೆಡ್. ಕಬ್ಬಿನ ಕೂಲಿಗೆಂದು ಭಾರತದಿಂದ ಟ್ರಿನಿಡಾಡ್‌ಗೆ ಹೋದವರ ವಂಶದಲ್ಲಿ 1949ರಲ್ಲಿ ಹುಟ್ಟಿದ ಪೌಷ್ಟಿಕತಜ್ಞೆ. 2021ರ ವಿಶ್ವ ಆಹಾರ ಪ್ರಶಸ್ತಿ ಪಡೆದವರು. ಬಾಂಗ್ಲಾದೇಶದಲ್ಲಿ ಕೆಲಸ ಮಾಡುವಾಗ ಅವರ ಗಮನ ಹೋದದ್ದು ದೊಡ್ಡ ಗೆಂಡೆಗಳ ಕಡೆಗಲ್ಲ, ಬಡವರು ಇಡಿಯಾಗಿ ತಿನ್ನುವ ಸಣ್ಣ ಮೀನುಗಳ ಕಡೆಗೆ. ಅವುಗಳಲ್ಲಿ ಮೊಲಾ ಎಂಬುದೊಂದು. ಬೆರಳುದ್ದ, ಬೆಳ್ಳಿಬಣ್ಣ. ಅವರು ಮತ್ತು ಸಂಗಡಿಗರು ಪರೀಕ್ಷಿಸಿ ನೋಡಿದಾಗ 100 ಗ್ರಾಂ ಮೊಲಾದಲ್ಲಿ ಸಿಕ್ಕ ‘ಎ’ ಜೀವಸತ್ವ 2,500 ಮೈಕ್ರೋಗ್ರಾಂಗೂ ಹೆಚ್ಚು. ಅಷ್ಟೇ ತೂಕದ ಸಾಕಿದ ಗೆಂಡೆಯಲ್ಲಿ ನೂರು ಮೈಕ್ರೋಗ್ರಾಂ ಕೂಡ ಇಲ್ಲ. ಪುಟ್ಟ ಮಗುವಿಗೆ ದಿನಕ್ಕೆ ಬೇಕಾದದ್ದು ನಾನೂರು ಚಿಲ್ಲರೆ. ಅಂದರೆ 20 ಗ್ರಾಂ ಮೊಲಾ ಸಾಕು, ಒಂದು ಹಿಡಿಯೂ ಅಲ್ಲ. ನಮ್ಮ ರಾಷ್ಟ್ರೀಯ ಸರಾಸರಿಯ 24 ಗ್ರಾಮಿಗಿಂತ ಕಡಿಮೆ! ಅದೇ ಕೆಲಸಕ್ಕೆ ಗೆಂಡೆಯನ್ನು ನಂಬಿದರೆ ಮಗುವಿಗೆ ದಿನಕ್ಕೆ ಅರ್ಧ ಕಿಲೋ ತಿನ್ನಿಸಿದರೂ ಸಾಲುವ ಭರವಸೆ ಇಲ್ಲ.

ಮೊಲಾದಲ್ಲಿ ಆ ಜೀವಸತ್ವ ಇರುವುದು ಎಲ್ಲಿ? ಹೆಚ್ಚಿನಂಶ ಕಣ್ಣಿನಲ್ಲಿ ಮತ್ತು ಕರುಳಿನಲ್ಲಿ. ‘ಎ’ ಜೀವಸತ್ವ ಸಾಲದ ಮಗುವಿಗೆ ಬರುವುದು ಇರುಳುಗುರುಡು. ಮಗುವಿನ ಕಣ್ಣಿಗೆ ಬೇಕಾದದ್ದು ಮೀನಿನ ಕಣ್ಣಿನಲ್ಲಿ ಕೂತಿದೆ. ಅಡುಗೆಮನೆಯಲ್ಲಿ ತಲೆ ಚಿವುಟಿ, ಹೊಟ್ಟೆ ಬಗೆದು, ಚೊಕ್ಕ ಮಾಡಿ ಬೇಯಿಸುವ ನಾಜೂಕು ಗೃಹಸ್ಥರು ಬೇಕಾದದ್ದನ್ನೆಲ್ಲ ಬೆಕ್ಕಿಗೆ ಹಾಕಿ ಉಳಿದದ್ದನ್ನು ಮಕ್ಕಳಿಗೆ ಹಾಕುತ್ತಾರೆ.

ಇದಕ್ಕಿಂತ ನೋಯಿಸುವ ಮಾತು ಇನ್ನೊಂದಿದೆ. ಮೀನು ಸಾಕಣೆಯ ಪಠ್ಯಗಳಲ್ಲಿ ಇಂಥ ಸಣ್ಣ ಮೀನುಗಳಿಗೆ ಇರುವ ಹೆಸರು ಕಳೆ ಮೀನು. ಗೆಂಡೆ ಮರಿ ಬಿಡುವ ಮೊದಲು ಕೊಳದಲ್ಲಿರುವ ಈ ಕಳೆಯನ್ನೂ ಕೊರವ, ಬಾಳೆಮೀನಿನಂಥ ನುಂಗುಬಾಕರನ್ನೂ ಒಟ್ಟಿಗೆ ಕೊಲ್ಲಬೇಕೆಂದು ನಿಯಮ. ಅದಕ್ಕೆ ಹಿಪ್ಪೆ ಹಿಂಡಿ, ಹೆಕ್ಟೇರಿಗೆ 2,500 ಕಿಲೋ. ನಮ್ಮ ಆ 16 ಹೆಕ್ಟೇರಿಗೆ ಲೆಕ್ಕ ಹಾಕಿದರೆ 40 ಟನ್ ಹಿಂಡಿ. ಇರುವ ಪೌಷ್ಟಿಕ ಮೀನನ್ನು ಕೊಲ್ಲಲು 40 ಟನ್ ವಿಷ, ಆಮೇಲೆ ಗೆಂಡೆ ಬೆಳೆಸಲು ಟನ್‌ಗಟ್ಟಲೆ ತೌಡು. ನುಂಗುಬಾಕರನ್ನು ತೆಗೆಯಲೇಬೇಕು, ಒಪ್ಪಿದೆ. ಆದರೆ ಮೊಲಾ ಯಾರನ್ನು ನುಂಗುತ್ತದೆ? ಬಾಂಗ್ಲಾದೇಶದ ಕೊಳಗಳಲ್ಲಿ ಗೆಂಡೆಯ ಜೊತೆಗೇ ಮೊಲಾ ಬಿಟ್ಟು ನೋಡಿದಾಗ ಗೆಂಡೆಯ ಇಳುವರಿಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಮೊಲಾಕ್ಕೆ ಪ್ರತಿ ವರ್ಷ ಮರಿ ಕೊಳ್ಳುವ ಖರ್ಚೂ ಇಲ್ಲ. ಹಾರ್ಮೋನು, ಸೂಜಿ, ಗಂಗೆಯ ಪ್ರವಾಹ ಯಾವುದೂ ಬೇಡ. ನಿಂತ ನೀರಿನಲ್ಲೇ ವರ್ಷಕ್ಕೆ ಎರಡು ಮೂರು ಸಲ ತಾನಾಗಿ ಮರಿ ಮಾಡುತ್ತದೆ. ದೊಡ್ಡ ಮೀನು ಮಾರುಕಟ್ಟೆಗೆ, ಚಿಕ್ಕದು ಮನೆಯ ಪಾತ್ರೆಗೆ. ವಾರಕ್ಕೆರಡು ಸಲ ಹೆಂಗಸರು ತಾವೇ ಬಲೆ ಬೀಸಿ ಅಡುಗೆಗೆ ಬೇಕಾದಷ್ಟು ಹಿಡಿದುಕೊಳ್ಳಬಹುದು.

ನಮ್ಮ ಕೆರೆಗಳಿಗೂ ಮೀನು ಸಾಕುವ ವಿದ್ಯೆ ಹೊಸದಲ್ಲ. ಭದ್ರಾ ಅಣೆಕಟ್ಟಿನ ಕೆಳಗೆ ಬಿ.ಆರ್. ಪ್ರಾಜೆಕ್ಟಿನಲ್ಲಿ ಮೀನುಮರಿ ಕೇಂದ್ರವಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಷ್ಟು ಹಿಂದೆ, ದೇಶದಲ್ಲೇ ಮೊದಲನೆಯದಾಗಿ ತೆರೆಯಿತು. ಮಳೆಗಾಲದ ಕೊನೆಯಲ್ಲಿ ಕೆರೆಗೆ ಬಿಟ್ಟ ಮರಿ ಬೇಸಿಗೆಯಲ್ಲಿ ನೀರು ಇಳಿಯುವಾಗ ಗೆಂಡೆಯಾಗಿ ಬಲೆಗೆ ಬರುತ್ತದೆ. ಮಲೆನಾಡಿನ ಕೆರೆಬೇಟೆಯಲ್ಲಿ ಊರಿಗೆ ಊರೇ ಬಿದಿರಿನ ಕೂಣಿ ಹಿಡಿದು ಕೆಸರಿಗೆ ಧುಮುಕುವ ದಿನ ಗಂಡಸರು ಬೆನ್ನಟ್ಟುವುದು ದೊಡ್ಡ ಮೀನನ್ನೇ. ಅಂಚಿನಲ್ಲಿ ಪಾತ್ರೆ ಹಿಡಿದು ನಿಂತ ಮಕ್ಕಳಿಗೆ ಸಾಸಲಿನಂಥ ಸಣ್ಣ ಮೀನು ಸಿಗುತ್ತದೆ. ಮಕ್ಕಳಿಗೆ ಸಿಕ್ಕಿದ್ದೇ ಹೆಚ್ಚಿನದು ಎಂದು ಅವತ್ತು ಯಾರಿಗೂ ಗೊತ್ತಿರುವುದಿಲ್ಲ. ಎಲ್ಲ ಸಣ್ಣ ಮೀನೂ ಮೊಲಾ ಅಲ್ಲ, ‘ಎ’ ಜೀವಸತ್ವದ ಮಟ್ಟದಲ್ಲಿ ಜಾತಿಯಿಂದ ಜಾತಿಗೆ ಅಗಾಧ ವ್ಯತ್ಯಾಸವಿದೆ. ಆದರೆ ಮುಳ್ಳಿನ ಸಮೇತ ಅಗಿದು ತಿನ್ನುವ ಯಾವ ಸಣ್ಣ ಮೀನೂ ಕ್ಯಾಲ್ಸಿಯಂ ಕೊಡದೆ ಬಿಡುವುದಿಲ್ಲ. ಜೊತೆಯಲ್ಲಿ ತಿಂದ ಅನ್ನ, ಸೊಪ್ಪಿನೊಳಗಿನ ಕಬ್ಬಿಣ ಮೈಗೆ ಹತ್ತುವುದಕ್ಕೂ ಮೀನು ನೆರವಾಗುತ್ತದೆ.

ಕೆರೆ ಗುತ್ತಿಗೆ ಹಿಡಿಯುವ ಮೀನುಗಾರ ಸಂಘಗಳವರು ಹಿಪ್ಪೆ ಹಿಂಡಿಯ ಮೂಟೆ ಬಿಚ್ಚುವ ಮೊದಲು, ಒಂದು ಸಲ ಬಲೆ ಎಳೆದು ಸಣ್ಣ ಮೀನನ್ನು ಬೇರೆ ತೊಟ್ಟಿಯಲ್ಲಿ ಎತ್ತಿಟ್ಟು, ನೀರು ಮತ್ತೆ ಸರಿಯಾದ ಮೇಲೆ ಗೆಂಡೆ ಮರಿಯ ಜೊತೆಗೇ ಬಿಟ್ಟು ನೋಡಲಿ. ನೀವು ಮೀನು ತಿನ್ನುವವರಾದರೆ ಮುಂದಿನ ಸಂತೆಯಲ್ಲಿ ಕಾಲು ಕಿಲೋ ಸಾಸಲು ಕೊಳ್ಳಿ, ಚೆನ್ನಾಗಿ ತೊಳೆಯಿರಿ, ಮಕ್ಕಳ ತಟ್ಟೆಗೆ ಇಡಿಯಾಗಿ ಬಡಿಸಿ. ತಲೆ ಚಿವುಟಬೇಡಿ.